ಡಾಂಬರು ಮುಗಿದ ಮೇಲೆ: ಮರುಭೂಮಿಯಲ್ಲಿ ಗಾಡಿ ಪಯಣ, ಬಯಲು ಬಿಡಾರ

ಮರುಭೂಮಿಗೆ ಹೊರಟವರಿಗೆ ಎರಡು ಚಿಂತೆ: ನೀರು ಸಾಲದಿದ್ದರೆ ಹೇಗೆ, ಭಾರ ಹೆಚ್ಚಾದರೆ ಹೇಗೆ. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತದೆ. ನೀರು, ಇಂಧನ ಹೇರಿಕೊಂಡಷ್ಟೂ ಚಕ್ರ ಮರಳಿಗಿಳಿಯುತ್ತದೆ. ಇಳಿದ ಗಾಡಿಯನ್ನು ಎಬ್ಬಿಸಲು ಬೆವರು ಸುರಿಸಿದಷ್ಟೂ ನೀರು ಖಾಲಿಯಾಗುತ್ತದೆ. ಎಷ್ಟು ದಿನ, ಎಷ್ಟು ದೂರ ಅನ್ನುವುದು ಈ ಜಗ್ಗಾಟದ ಮೇಲೆಯೇ ನಿಂತಿದೆ. ಅದಕ್ಕೆ ತಯಾರಿ ಶುರುವಾಗಬೇಕಾದದ್ದು ಕಾಗದ, ಪೆನ್ನು ಹಿಡಿದು.

ಕಾಲ ಮತ್ತು ದಾರಿ

ಬೇಸಿಗೆಯಲ್ಲಿ ಹೋಗಬೇಡಿ. ಅಮೆರಿಕದ ಡೆತ್ ವ್ಯಾಲಿಯಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿಯ ಸಂರಕ್ಷಿತ ಪ್ರದೇಶವನ್ನು ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಮುಚ್ಚಿಯೇ ಬಿಡುತ್ತಾರೆ. ಅಲ್ಲಿ ಅದು ನಡುಬೇಸಿಗೆ. ಆ ಬಿಸಿಲಲ್ಲಿ ಕೆಟ್ಟು ನಿಂತ ಗಾಡಿಯವರನ್ನು ಬದುಕಿಸಿ ತರುವುದು ಎಷ್ಟು ಕಷ್ಟವೆಂದು ಗೊತ್ತಿದ್ದೇ ಹಾಗೆ ಮಾಡಿದ್ದಾರೆ. ಹೋಗುವ ಜಾಗದ ಚಳಿಗಾಲ ಆರಿಸಿಕೊಳ್ಳಿ. ಹಗಲು ಹಿತವಾಗಿರುತ್ತದೆ, ರಾತ್ರಿ ಎಷ್ಟೋ ಕಡೆ ಸೊನ್ನೆಗಿಂತ ಕೆಳಗಿಳಿಯುತ್ತದೆ.

ನಕ್ಷೆ ನೋಡುವಾಗ ಕಿಲೋಮೀಟರನ್ನು ನಂಬಬೇಡಿ, ಗಂಟೆ ಲೆಕ್ಕ ಹಾಕಿ. ದಿಬ್ಬಗಳ ನಡುವೆ ಸರಾಸರಿ 15ರಿಂದ 25 ಕಿ.ಮೀ. ವೇಗ ಸಿಕ್ಕರೆ ದೊಡ್ಡದು. 120 ಕಿ.ಮೀ. ಅಂದರೆ ಇಡೀ ಹಗಲು. ಯಾವ ಜಾಗಕ್ಕೆ ಪರವಾನಗಿ ಬೇಕು, ಯಾವುದು ಖಾಸಗಿ ಜಮೀನು, ಯಾವುದು ಗಡಿ ಪ್ರದೇಶ, ಎಲ್ಲಿ ತಂಗಲು ಬಿಡುತ್ತಾರೆ ಅನ್ನುವುದನ್ನು ಆಯಾ ಇಲಾಖೆಯಿಂದಲೇ ತಿಳಿದುಕೊಳ್ಳಿ. ಮಳೆ ಬಿದ್ದ ವಾರ ದಾರಿ ಮುಚ್ಚಿರುವುದುಂಟು, ಹೊರಡುವ ಹಿಂದಿನ ದಿನ ಇನ್ನೊಮ್ಮೆ ಕೇಳಿ.

ಫೋನಿನಲ್ಲಿ ನೆಟ್‌ವರ್ಕ್ ಇಲ್ಲದೆ ತೆರೆಯುವ ನಕ್ಷೆ ಇಳಿಸಿಕೊಳ್ಳಿ. ಅದರ ಜೊತೆಗೆ ಕಾಗದದ ನಕ್ಷೆಯೂ ದಿಕ್ಸೂಚಿಯೂ ಇರಲಿ. ಬಿಸಿಲಿಗೆ ಕಾದ ಫೋನ್ ತಾನಾಗಿಯೇ ಆಫ್ ಆಗುತ್ತದೆ. ಅಕ್ಷಾಂಶ ರೇಖಾಂಶ ಬರೆಯುವಾಗ ಆಗುವ ಒಂದು ತಪ್ಪು ಜೀವಕ್ಕೇ ಎರವಾದೀತು. 26.50 ಡಿಗ್ರಿ ಅಂದರೆ 26 ಡಿಗ್ರಿ 30 ನಿಮಿಷ. ಅದನ್ನು 26 ಡಿಗ್ರಿ 50 ನಿಮಿಷ ಎಂದು ಓದಿಕೊಂಡರೆ ಉತ್ತರ ದಕ್ಷಿಣವಾಗಿ ಸುಮಾರು 37 ಕಿ.ಮೀ. ಆಚೆ ಹೋಗಿ ನಿಲ್ಲುತ್ತೀರಿ. ತಂಡದ ಎಲ್ಲ ಸಾಧನಗಳಲ್ಲೂ ಒಂದೇ ಬಗೆಯ ಬರವಣಿಗೆ ಇಟ್ಟುಕೊಳ್ಳಿ. ಸಹಾಯ ಕೇಳುವಾಗ ಯಾವ ಬಗೆ ಎಂದು ಬಾಯಿಬಿಟ್ಟು ಹೇಳಿ.

ಮನೆಯಲ್ಲಿ ಉಳಿಯುವ, ಮರೆಯದ ಒಬ್ಬರ ಕೈಗೆ ಒಂದು ಹಾಳೆ ಕೊಡಿ: ದಾರಿ, ಪ್ರತಿ ರಾತ್ರಿ ತಂಗುವ ಜಾಗ, ಗಾಡಿಯ ಬಣ್ಣ ಮತ್ತು ನಂಬರು, ಎಷ್ಟು ಜನ, ಇಂಥ ದಿನ ಇಷ್ಟು ಗಂಟೆಯೊಳಗೆ ಸುದ್ದಿ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು. ಆಮೇಲೆ ಮನಸ್ಸು ಬಂದಂತೆ ದಾರಿ ಬದಲಿಸಿದರೆ ಆ ಹಾಳೆ ಹುಡುಕುವವರ ದಾರಿ ತಪ್ಪಿಸುತ್ತದೆ.

ಸಂಪರ್ಕಕ್ಕೆ ಎರಡು ಬಗೆಯ ಸಾಧನಗಳಿವೆ. 406 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ತುರ್ತು ಬೀಕನ್ ಒಂದೇ ಮಾತು ಬಲ್ಲದು: 'ಅಪಾಯದಲ್ಲಿದ್ದೇವೆ, ಇಲ್ಲಿದ್ದೇವೆ'. ಉಪಗ್ರಹ ಮೆಸೇಜ್ ಸಾಧನದಲ್ಲಾದರೆ 'ಕ್ಲಚ್ ಹೋಗಿದೆ, ಎಲ್ಲರೂ ಕ್ಷೇಮ, ನೀರು ನಾಲ್ಕು ದಿನಕ್ಕಿದೆ' ಎಂದು ವಿವರ ಬರೆಯಬಹುದು. ಎರಡರಲ್ಲಿ ಒಂದು ಕೊಳ್ಳುವುದಾದರೆ ಎರಡನೆಯದೇ ಮೇಲು, ಯಾಕೆಂದರೆ ಮರುಭೂಮಿಯ ತೊಂದರೆಗಳಲ್ಲಿ ಹೆಚ್ಚಿನವು ಜೀವ ಹೋಗುವಂಥವಲ್ಲ, ಗಾಡಿ ನಿಲ್ಲುವಂಥವು. ಆದರೆ ಭಾರತವೂ ಸೇರಿದಂತೆ ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಉಪಗ್ರಹ ಫೋನು, ಮೆಸೇಜ್ ಸಾಧನ ಇಟ್ಟುಕೊಂಡರೆ ಬಂಧನವಾಗಬಹುದು. ಕೊಳ್ಳುವ ಮುನ್ನ ವಿಚಾರಿಸಿ.

ನೀರು, ಇಂಧನ, ತೂಕ

ತಂಪು ಕಾಲದಲ್ಲಿ ಕುಡಿಯುವುದಕ್ಕೇ ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್ ಬೇಕು. ಅಡುಗೆ, ಕೈಬಾಯಿ ತೊಳೆಯುವುದು ಸೇರಿದರೆ 6 ಲೀಟರ್. ಬಿಸಿಲು ಜೋರಿದ್ದು ಮರಳು ಅಗೆಯುವ ಕೆಲಸ ಬಿದ್ದರೆ 8 ಲೀಟರೂ ಸಾಲದು. ಇದರ ಮೇಲೆ ಎರಡು ದಿನದ ಮುಟ್ಟಬಾರದ ನೀರು. ಇಬ್ಬರು ನಾಲ್ಕು ದಿನಕ್ಕೆ ಹೋದರೆ 6 ಲೀಟರಿನಂತೆ 48, ಎರಡು ದಿನದ ಮೀಸಲು ಕುಡಿಯುವುದಕ್ಕಷ್ಟೇ 4 ಲೀಟರಿನಂತೆ 16, ಒಟ್ಟು 64 ಲೀಟರ್. ಅಂದರೆ 64 ಕಿಲೋ, ಕ್ಯಾನುಗಳ ತೂಕ ಬೇರೆ. ಎಲ್ಲ ನೀರನ್ನೂ ಒಂದೇ ಟ್ಯಾಂಕಿನಲ್ಲಿ ತುಂಬಬೇಡಿ. ಒಂದು ನಲ್ಲಿ ಸೋರಿದರೆ ಪಯಣವೇ ಮುಗಿಯಿತು. 10 ಲೀಟರಿನ ಕ್ಯಾನುಗಳು ಎತ್ತಲೂ ಸುಲಭ, ಒಂದು ಒಡೆದರೆ ನಷ್ಟವೂ ಅಷ್ಟಕ್ಕೇ ನಿಲ್ಲುತ್ತದೆ. ಮೀಸಲು ಕ್ಯಾನುಗಳಿಗೆ ಕೆಂಪು ಟೇಪು ಸುತ್ತಿಡಿ. ನಕ್ಷೆಯಲ್ಲಿ ಬಾವಿಯ ಗುರುತು ಕಂಡರೂ ಆ ನೀರನ್ನು ಲೆಕ್ಕಕ್ಕೆ ಸೇರಿಸಬೇಡಿ. ಬತ್ತಿರಬಹುದು, ಉಪ್ಪಾಗಿರಬಹುದು.

ರಸ್ತೆಯಲ್ಲಿ ಲೀಟರಿಗೆ 10 ಕಿ.ಮೀ. ಕೊಡುವ ಗಾಡಿ ಮೆತ್ತನೆ ಮರಳಲ್ಲಿ 6 ಕೊಟ್ಟರೆ ಪುಣ್ಯ. 300 ಕಿ.ಮೀ. ದಾರಿಗೆ 50 ಲೀಟರ್, ಅದರ ಮೇಲೆ ಶೇ. 30 ಮೀಸಲು ಸೇರಿಸಿ 65. ಹೋದ ದಾರಿಯಲ್ಲೇ ಮರಳುವುದಾದರೆ ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ: ಇಂಧನದಲ್ಲಾಗಲಿ ನೀರಿನಲ್ಲಾಗಲಿ ಮೂರನೇ ಒಂದು ಪಾಲು ಮುಗಿದ ಕೂಡಲೇ ತಿರುಗುವುದು. ಇದನ್ನು ಹೊರಡುವ ಮುನ್ನ ಎಲ್ಲರೆದುರು ಹೇಳಿಟ್ಟಿರಬೇಕು. ಅಲ್ಲಿಗೆ ಹೋದ ಮೇಲೆ ಮುಂದಿನ ದಿಬ್ಬ ಯಾವಾಗಲೂ ಹತ್ತಿರವೇ ಕಾಣುತ್ತದೆ.

ಹೆಚ್ಚುವರಿ ಇಂಧನಕ್ಕೆ ಲೋಹದ ಜೆರ್ರಿ ಕ್ಯಾನು ಒಳ್ಳೆಯದು. ಕ್ಯಾನನ್ನು ನೆಲದ ಮೇಲಿಟ್ಟೇ ತುಂಬಿಸಿ. ಗಾಡಿಯ ಪ್ಲಾಸ್ಟಿಕ್ ಹಾಸಿನ ಮೇಲಿಟ್ಟು ತುಂಬಿದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರಿ ಬೆಂಕಿ ಹೊತ್ತಬಹುದು. ಕಂಠದವರೆಗೆ ತುಂಬದೆ ಉಬ್ಬಲು ಜಾಗ ಬಿಡಿ. ಜನ ಕೂರುವ ಕಡೆ ಇಡಬೇಡಿ. ಟಾಪ್ ಮೇಲೂ ಬೇಡ: 20 ಲೀಟರ್ ಡೀಸೆಲ್ ಕ್ಯಾನು ಒಂದೊಂದೂ 20 ಕಿಲೋ ದಾಟುತ್ತದೆ. ಅಂಥ ಮೂರನ್ನು ಮೇಲೆ ಕಟ್ಟಿದ ಗಾಡಿ ಇಳಿಜಾರಿನಲ್ಲಿ ಮಗುಚಲು ಕಾದಿರುತ್ತದೆ. ನೀರು, ಇಂಧನ, ಸಲಕರಣೆಯಂಥ ಭಾರದ ಸಾಮಾನು ತಳದಲ್ಲಿ, ಎರಡು ಆಕ್ಸಲ್‌ಗಳ ನಡುವೆ ಇರಲಿ. ಟಾಪ್ ಮೇಲೆ ಹಾಸಿಗೆ, ಟೆಂಟು ಸಾಕು. ಎಲ್ಲ ತುಂಬಿದ ಮೇಲೆ ಗಾಡಿ ತೂಗುವ ವೇಬ್ರಿಡ್ಜಿಗೆ ಹತ್ತಿಸಿ, ಗಾಡಿಯ ಕೈಪಿಡಿಯಲ್ಲಿರುವ ಗರಿಷ್ಠ ಮಿತಿಯ ಜೊತೆ ಹೋಲಿಸಿ. ಮಿತಿ ಮೀರಿದ್ದರೆ ಕುರ್ಚಿ, ಪೆಟ್ಟಿಗೆ, ಎರಡನೇ ಒಲೆ ಇಳಿಸಿ. ಅದಾದರೂ ಇಳಿಯದಿದ್ದರೆ ಒಂದು ದಿನ ಕಡಿಮೆ ಮಾಡಿ. ನೀರಿಗೆ ಮಾತ್ರ ಕೈ ಹಚ್ಚಬೇಡಿ.

ಗಾಡಿ

ಏರ್ ಫಿಲ್ಟರ್ ಹೊಸದು ಹಾಕಿಸಿ, ಇನ್ನೊಂದು ಜೊತೆಗಿರಲಿ. ರೇಡಿಯೇಟರ್ ಪೈಪು ಹಿಚುಕಿ ನೋಡಿ, ಬಿರುಕು ಬಿಟ್ಟಿದ್ದರೆ ಬದಲಿಸಿ. ಫ್ಯಾನ್ ಬೆಲ್ಟು, ಕೂಲೆಂಟ್, ಫ್ಯೂಸು, ತಂತಿ, ಟೇಪು, ಟ್ಯೂಬ್‌ಲೆಸ್ ಪಂಚರ್ ಕಿಟ್ ಇರಲಿ. ದೂರದ ದಾರಿಗೆ ಸ್ಟೆಪ್ನಿ ಎರಡು. ಜ್ಯಾಕ್ ಕೆಳಗಿಡಲು ಒಂದಡಿ ಅಗಲದ ಗಟ್ಟಿ ಹಲಗೆ ಬೇಕೇ ಬೇಕು. ಅದಿಲ್ಲದಿದ್ದರೆ ಗಾಡಿ ಮೇಲೇಳುವ ಬದಲು ಜ್ಯಾಕೇ ಮರಳಿನೊಳಗೆ ಇಳಿಯುತ್ತದೆ. ಒಂಟಿ ಗಾಡಿಯಲ್ಲಿ ಹೋಗಬೇಡಿ, ಕಡೇಪಕ್ಷ ಎರಡು ಇರಲಿ, ನಡುವೆ ಮಾತಾಡಲು ರೇಡಿಯೋ ಇರಲಿ. ದಿಬ್ಬಗಳ ಸೀಮೆಯಲ್ಲಿ ಪ್ರತಿ ಗಾಡಿಯ ಮುಂದೆಯೂ ಉದ್ದನೆಯ ಕೋಲಿಗೆ ಬಾವುಟ ಕಟ್ಟಿ. ನೆತ್ತಿಯ ಆಚೆಯಿಂದ ಎದುರು ಬರುವವರಿಗೆ ಮೊದಲು ಕಾಣುವುದು ಅದೇ.

ಟಯರಿನ ಗಾಳಿ

ಮರಳಿನಲ್ಲಿ ಎಂಜಿನ್ ಶಕ್ತಿಗಿಂತ ಹೆಚ್ಚು ಕೆಲಸ ಮಾಡುವುದು ಟಯರಿನಿಂದ ಇಳಿಸಿದ ಗಾಳಿ. ಗಾಳಿ ಇಳಿದಾಗ ಟಯರು ನೆಲಕ್ಕೆ ತಾಗುವ ಜಾಗ ಮುಖ್ಯವಾಗಿ ಉದ್ದಕ್ಕೆ ಹಿಗ್ಗುತ್ತದೆ, ಅಗಲಕ್ಕೆ ಅಷ್ಟಾಗಿ ಅಲ್ಲ. ಟ್ರಾಕ್ಟರಿನ ಚೈನು ಪಟ್ಟಿಯ ಹಾಗೆ ಭಾರ ಹಂಚಿಹೋಗುತ್ತದೆ, ಗಾಡಿ ಮರಳನ್ನು ಉಳದೆ ಮೇಲೆ ತೇಲುತ್ತದೆ.

ಡಾಂಬರಿನಲ್ಲಿ ಟಯರಿನ ಗಾಳಿ 34 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವ ಮಧ್ಯಮ ತೂಕದ ಗಾಡಿಯನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಜಲ್ಲಿಯ, ಅಲೆಅಲೆಯಾದ ಮಣ್ಣು ದಾರಿಗೆ 26. ಮರಳು ಶುರುವಾದಾಗ 18. ಹಿಟ್ಟಿನಂಥ ಮರಳಿಗೆ 15. ಹೂತು ನಿಂತಾಗ ಎದ್ದು ಬರುವಷ್ಟು ಹೊತ್ತಿಗೆ ಮಾತ್ರ 12. ಅದಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟಯರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಗಾಡಿ ಭಾರವಿದ್ದರೆ ಎಲ್ಲ ಅಂಕಿಗೂ ಎರಡು ಮೂರು ಸೇರಿಸಿ. 18ರ ಕೆಳಗಿರುವಾಗ 40 ಕಿ.ಮೀ. ವೇಗ ದಾಟಬೇಡಿ, ಸ್ಟೀರಿಂಗ್ ಥಟ್ಟನೆ ತಿರುಗಿಸಬೇಡಿ.

ಓಡಿ ಕಾದ ಟಯರಿನಲ್ಲಿ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಬಿಸಿಯಲ್ಲಿ 18ಕ್ಕೆ ಇಳಿಸಿದ್ದು ಬೆಳಗಿನ ಚಳಿಯಲ್ಲಿ 14 ಆಗಿರಬಹುದು, ಹೊರಡುವ ಮುನ್ನ ಮತ್ತೆ ಅಳೆಯಿರಿ. ಮರಳು ಶುರುವಾಗುವ ಮುಂಚೆಯೇ ನಿಂತು ಇಳಿಸಿ. ಮೊದಲ ದಿಬ್ಬದಲ್ಲಿ ಸಿಕ್ಕಿಕೊಂಡ ಮೇಲೆ ಇಳಿಸಿದರೆ ಅರ್ಧ ಫಲ ಆಗಲೇ ಹೋಗಿರುತ್ತದೆ. ವಾಲ್ವಿನ ಮುಚ್ಚಳಗಳನ್ನು ಜೇಬಿಗೆ ಹಾಕಿಕೊಳ್ಳಿ, ಮರಳಿಗೆ ಬಿದ್ದದ್ದು ಸಿಗುವುದಿಲ್ಲ. ವಾಪಸ್ ತುಂಬಲು ಕಂಪ್ರೆಸರ್ ಬೇಕು. ದೊಡ್ಡ ಕಂಪ್ರೆಸರನ್ನು ಬ್ಯಾಟರಿಗೇ ಕ್ಲಿಪ್ ಹಾಕಿ ಓಡಿಸಿ. ಅದು 30 ಆಂಪಿಯರಿಗೂ ಮೇಲೆ ಎಳೆಯುತ್ತದೆ, ಡ್ಯಾಶ್‌ಬೋರ್ಡಿನ ಸಾಕೆಟ್ಟಿಗೆ ಚುಚ್ಚಿದರೆ ಫ್ಯೂಸು ಹಾರುತ್ತದೆ. ತುಂಬುವಾಗ ಎಂಜಿನ್ ಚಾಲೂ ಇರಲಿ. ಇಳಿಸಿದ ಟಯರಿನಲ್ಲೇ ಡಾಂಬರಿನ ಮೇಲೆ ವೇಗವಾಗಿ ಹೋದರೆ ಪಕ್ಕದ ಗೋಡೆ ಕಾದು ಒಡೆಯುತ್ತದೆ.

ಮರಳಿನ ಮೇಲೆ

ಬೆಳಿಗ್ಗೆ ಬೇಗ ಹೊರಡಿ. ರಾತ್ರಿಯ ತಂಪಿಗೆ ಮರಳು ಬಿಗಿಯಾಗಿರುತ್ತದೆ, ಓರೆ ಬಿಸಿಲಿನ ನೆರಳು ಹಳ್ಳದಿಣ್ಣೆಗಳನ್ನು ತೋರಿಸಿಕೊಡುತ್ತದೆ. ನೆತ್ತಿಯ ಬಿಸಿಲಲ್ಲಿ ಎಲ್ಲವೂ ಒಂದೇ ಬಣ್ಣ, ಎದುರಿನ ಗುಂಡಿ ಕಣ್ಣಿಗೇ ಬೀಳುವುದಿಲ್ಲ. ಲೋ ರೇಂಜ್ ಹಾಕಿ, ಅಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿರುವ ಕಡಿಮೆ ವೇಗದ, ಹೆಚ್ಚು ಬಲದ ಗೇರು. ಜಾರಿದಾಗ ಎಂಜಿನ್ ಶಕ್ತಿ ತಾನಾಗಿ ಕಡಿಮೆ ಮಾಡುವ ಸ್ಥಿರತಾ ವ್ಯವಸ್ಥೆಯನ್ನು ಆಫ್ ಮಾಡಿ, ಅದು ಹತ್ತುವ ನಡುವೆಯೇ ಉಸಿರು ನಿಲ್ಲಿಸಿಬಿಡುತ್ತದೆ. ಬ್ರೇಕ್ ಒತ್ತಿ ನಿಲ್ಲಿಸಿದರೆ ಚಕ್ರದ ಮುಂದೆ ಮರಳಿನ ದಿಂಡು ಎದ್ದು, ಹೊರಡುವಾಗ ಅದೇ ಅಡ್ಡಗಾಲಾಗುತ್ತದೆ. ಆಕ್ಸಿಲರೇಟರ್ ಬಿಟ್ಟು ತಾನಾಗಿ ನಿಲ್ಲಲು ಬಿಡಿ, ಆದಷ್ಟು ಇಳಿಜಾರಿಗೆ ಮುಖಮಾಡಿ.

ದಿಬ್ಬವನ್ನು ನೇರ ಹತ್ತಿ ನೇರ ಇಳಿಯಿರಿ. ಗಾಳಿಗೆ ಮರೆಯಾದ ಬದಿಯಲ್ಲಿ ಮರಳು ಸುಮಾರು 30ರಿಂದ 34 ಡಿಗ್ರಿ ಇಳಿಜಾರಿನಲ್ಲಿ ನಿಂತಿರುತ್ತದೆ, ಅಲ್ಲಿ ಅಡ್ಡ ಹೋದ ಗಾಡಿ ಉರುಳುತ್ತದೆ. ಹಿಂಭಾಗ ಪಕ್ಕಕ್ಕೆ ಜಾರತೊಡಗಿದರೆ ಸ್ಟೀರಿಂಗನ್ನು ಇಳಿಜಾರಿನತ್ತಲೇ ತಿರುಗಿಸಿ ತುಸು ಆಕ್ಸಿಲರೇಟರ್ ಕೊಡಿ. ಬ್ರೇಕ್ ಹಾಕಬೇಕೆಂದು ಕಾಲು ತವಕಿಸುತ್ತದೆ, ಹಾಕಬೇಡಿ. ಆಚೆ ಬದಿ ಗೊತ್ತಿಲ್ಲದ ದಿಬ್ಬಕ್ಕೆ ಮೊದಲು ಒಬ್ಬರು ಕಾಲ್ನಡಿಗೆಯಲ್ಲಿ ಹತ್ತಿ ನೋಡಲಿ. ಹತ್ತಲಾಗದೆ ನಿಂತರೆ ತಿರುಗಿಸಲು ಹೋಗದೆ, ಬಂದ ಜಾಡಿನಲ್ಲೇ ನೇರ ರಿವರ್ಸ್.

ಉಪ್ಪಿನ ಬಯಲು ಕಂಡರೆ ಹುಷಾರು. ಮೇಲೆ ಒಣ ಹಕ್ಕಳೆ, ಕೆಳಗೆ ಕೆಸರು. ಬಣ್ಣ ಗಾಢವಾದಷ್ಟೂ ತೇವ ಹೆಚ್ಚು. ಅಲ್ಲಿ ಹೂತ ಗಾಡಿಗೆ ಮುಂದೆ ಹೇಳುವ ಯಾವ ಉಪಾಯವೂ ಸುಲಭಕ್ಕೆ ಒಗ್ಗುವುದಿಲ್ಲ. ದಂಡೆಯಲ್ಲಿ ಬಳಸಿ ಹೋಗಿ.

ಹೂತರೆ

ಗಾಡಿ ಮುಂದೆ ಹೋಗುವುದು ನಿಂತ ಕ್ಷಣವೇ ಆಕ್ಸಿಲರೇಟರ್ ಬಿಡಿ. ಇನ್ನೆರಡು ಸೆಕೆಂಡು ಒತ್ತಿದರೆ ಚಕ್ರ ತನ್ನ ಗುಂಡಿ ತಾನೇ ತೋಡಿ, ಹೊಟ್ಟೆ ಮರಳಿಗೆ ಕೂತುಬಿಡುತ್ತದೆ. ಒಂದು ಸಲ ಮೆಲ್ಲಗೆ ರಿವರ್ಸ್ ಪ್ರಯತ್ನಿಸಿ. ಬರಲಿಲ್ಲವಾದರೆ ಎಂಜಿನ್ ಆಫ್ ಮಾಡಿ ಇಳಿಯಿರಿ, ನೀರು ಕುಡಿಯಿರಿ, ಟೋಪಿ ಹಾಕಿ. ಆಮೇಲೆ:

1. ಮಂಡಿಯೂರಿ ಗಾಡಿಯ ಕೆಳಗೆ ನೋಡಿ. ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು ಅಥವಾ ಚಾಸಿ ಮರಳಿಗೆ ತಾಗಿದೆಯೇ? ತಾಗಿದ್ದರೆ ಚಕ್ರದ ಮುಂದೆ ಎಷ್ಟು ತೋಡಿದರೂ ವ್ಯರ್ಥ. ಉದ್ದ ಹಿಡಿಯ ಸಲಿಕೆಯಿಂದ ಹೊಟ್ಟೆಯಡಿಯ ಮರಳನ್ನು ಮೊದಲು ಎಳೆದು ಹಾಕಿ.

2. ಯಾವ ಕಡೆ ಹೊರಡಬೇಕೆಂದು ತೀರ್ಮಾನಿಸಿ. ಸಾಮಾನ್ಯವಾಗಿ ಬಂದ ದಾರಿಯೇ ಉತ್ತಮ, ನಿಮ್ಮ ಚಕ್ರವೇ ಅದನ್ನು ತುಳಿದು ಗಟ್ಟಿ ಮಾಡಿದೆ. ಆ ಕಡೆ ನಾಲ್ಕೂ ಚಕ್ರಕ್ಕೆ ಇಳಿಜಾರು ತೋಡಿ. ಮೆಟ್ಟಿಲಿನ ಹಾಗೆ ಕಡಿದಾಗಿರದೆ, ಒಂದು ಮೀಟರಿನಷ್ಟು ಉದ್ದಕ್ಕೆ ನಯವಾಗಿ ಏರಬೇಕು.

3. ಗಾಳಿ 12ಕ್ಕೆ ಇಳಿಸಿ. ಎಷ್ಟೋ ಗಾಡಿಗಳು ಇಷ್ಟಕ್ಕೇ ಎದ್ದು ಬರುತ್ತವೆ.

4. ರಿಕವರಿ ಬೋರ್ಡಿನ (ಹೂತ ಚಕ್ರಕ್ಕೆ ಹಿಡಿತ ಕೊಡುವ, ಹಲ್ಲುಗಳಿರುವ ಹಲಗೆ) ತುದಿ ಟಯರಿನಡಿಗೆ ಬಿಗಿಯಾಗಿ ತುರುಕಿಕೊಳ್ಳುವಂತೆ ಇಡಿ. ನಡುವೆ ಅಂತರವಿದ್ದರೆ ಚಕ್ರ ಬೋರ್ಡು ಹತ್ತದೆ ಅದನ್ನೇ ಒಳಕ್ಕೆ ತಳ್ಳುತ್ತದೆ. ಬೋರ್ಡಿಗೆ ಬಣ್ಣದ ಹಗ್ಗ ಕಟ್ಟಿರಿ, ಗಾಡಿ ಮೇಲೆ ಹಾದು ಹೋದಾಗ ಬೋರ್ಡು ಮರಳಿನೊಳಗೆ ಮಾಯವಾಗುತ್ತದೆ.

5. ಬೋರ್ಡಿನ ನೇರಕ್ಕೆ ಯಾರೂ ನಿಲ್ಲದಂತೆ ನೋಡಿ, ಅದು ಚಿಮ್ಮುತ್ತದೆ. ಲೋ ರೇಂಜಿನಲ್ಲಿ ಮೆಲ್ಲಗೆ ಹೊರಡಿ. ಚಕ್ರ ಗಿರಗಿರ ತಿರುಗಿದರೆ ಬೋರ್ಡಿನ ಹಲ್ಲುಗಳು ಕರಗಿ ನುಣ್ಣಗಾಗುತ್ತವೆ. ಎದ್ದ ಮೇಲೆ ಬೋರ್ಡು ಎತ್ತಿಕೊಳ್ಳಲೆಂದು ಅಲ್ಲೇ ನಿಲ್ಲದೆ, ಗಟ್ಟಿ ನೆಲ ಸಿಗುವವರೆಗೆ ಹೋಗಿ.

ಇನ್ನೊಂದು ಗಾಡಿಯಿಂದ ಎಳೆಸುವುದು ಕೊನೆಯ ಉಪಾಯ, ಮತ್ತು ಇದರಲ್ಲೇ ಜನ ಸಾಯುವುದು. ಹಿಗ್ಗುವ ರಿಕವರಿ ಹಗ್ಗವನ್ನು ಚಾಸಿಗೆ ಬೋಲ್ಟ್ ಮಾಡಿದ, ತೂಕದ ಮಿತಿ ಬರೆದಿರುವ ಕೊಂಡಿಗೆ ಮಾತ್ರ ಕಟ್ಟಿ. ಟ್ರೇಲರ್ ಎಳೆಯುವ ಟೋ ಬಾಲಿಗೆ ಎಂದೂ ಕಟ್ಟಬೇಡಿ. ಅದು ಮುರಿದರೆ ಗುಂಡಿನಂತೆ ಹಾರಿ ಗಾಜು ತೂರಿ ಒಳಗಿದ್ದವರನ್ನು ಕೊಲ್ಲುತ್ತದೆ, ಹಾಗೆ ಸತ್ತವರಿದ್ದಾರೆ. ಹಗ್ಗವನ್ನು ಕೊಂಡಿಗೆ ಸೇರಿಸಲು ಕಬ್ಬಿಣದ ಶಾಕಲ್ಲಿಗಿಂತ (ಬಳೆಯಂಥ ಜೋಡಣೆ) ಹಗ್ಗದಿಂದ ಹೆಣೆದ ಮೃದು ಶಾಕಲ್ ವಾಸಿ, ಕಿತ್ತು ಬಂದರೂ ಹಗುರ. ಹಗ್ಗದ ನಡುವೆ ಒದ್ದೆ ಟವೆಲ್ಲೋ ಚೀಲವೋ ಹೊದಿಸಿ. ನೋಡುವವರೆಲ್ಲ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದಲ್ಲಿ ಇರಲಿ. ಎಳೆಯುವ ಮುನ್ನ ಸಲಿಕೆ ಕೆಲಸ ಮುಗಿದಿರಲೇಬೇಕು: ಹೊಟ್ಟೆ ಕೂತ ಗಾಡಿಯನ್ನು ಹಾಗೇ ಎಳೆದಾಗಲೇ ಕೊಂಡಿ ಕೀಳುವುದು.

ಬಿಡಾರ

ಸೂರ್ಯ ಮುಳುಗಲು ಎರಡು ಗಂಟೆ ಇರುವಾಗಲೇ ಜಾಗ ಹುಡುಕಿ. ಒಣಹಳ್ಳದ ಪಾತ್ರ ಕಣ್ಣಿಗೆ ತುಂಬ ಚೆಂದ: ಸಮತಟ್ಟು, ಮೆತ್ತನೆ ಮರಳು, ಗಾಳಿಗೆ ಮರೆ. ಅಲ್ಲಿ ಮಲಗಬೇಡಿ. ಹತ್ತಾರು ಕಿ.ಮೀ. ದೂರದ ಬೆಟ್ಟದಲ್ಲಿ ಮಳೆ ಬಿದ್ದರೆ, ನಿಮ್ಮ ತಲೆಯ ಮೇಲೆ ನಕ್ಷತ್ರ ಹೊಳೆಯುತ್ತಿರುವಾಗಲೇ ನೀರು ಬರುತ್ತದೆ. 60 ಸೆಂಟಿಮೀಟರ್ ಆಳದ ಹರಿವು ದೊಡ್ಡ ಗಾಡಿಯನ್ನೂ ಕೊಚ್ಚಿಕೊಂಡು ಹೋಗುತ್ತದೆ. ಹಳ್ಳದ ದಡದಿಂದ ಮೇಲಿನ ಗಟ್ಟಿ ತಟ್ಟು ನೋಡಿ. ಒಣಗಿದ ಮರದಡಿ, ದಿಬ್ಬದ ಕಡಿದಾದ ಬದಿಯ ಬುಡದಲ್ಲಿ ಕೂಡ ಬೇಡ.

ಮೊದಲೇ ತುಳಿದ ಜಾಗದಲ್ಲೇ ಬಿಡಾರ ಹೂಡಿ. ಕೆಲವು ಮರುಭೂಮಿಗಳಲ್ಲಿ ನೆಲದ ಮೇಲೆ ಕಪ್ಪನೆಯ, ಗಂಟುಗಂಟಾದ ಹಕ್ಕಳೆ ಇರುತ್ತದೆ. ಅದು ಜೀವಂತ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆ ಸೇರಿ ಮಣ್ಣನ್ನು ಹಿಡಿದಿಟ್ಟು, ಗಾಳಿಯ ಸಾರಜನಕವನ್ನು ನೆಲಕ್ಕೆ ಕೂಡಿಸುತ್ತವೆ. ಒಂದು ಚಕ್ರ ಹರಿದರೆ ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1944ರವರೆಗೆ, ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಸೈನ್ಯ ತರಬೇತಿ ನಡೆಸಿದ ಟ್ಯಾಂಕುಗಳ ಜಾಡು ಇಂದಿಗೂ ನೆಲದ ಮೇಲೆ ಕಾಣುತ್ತದೆ. ಇರುವ ಜಾಡು ಬಿಟ್ಟು ಹೊಸದು ಕೊರೆಯಬೇಡಿ ಅನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಮಾಮೂಲಿ ಗೂಟ ಮರಳಲ್ಲಿ ನಿಲ್ಲುವುದಿಲ್ಲ, ಮೊದಲ ಗಾಳಿಗೇ ಕಿತ್ತು ಬರುತ್ತದೆ. ಗೂಟದ ಬದಲು ಸಣ್ಣ ಬಟ್ಟೆ ಚೀಲಗಳಿಗೆ ಮರಳು ತುಂಬಿ, ಬಾಯಿಗೆ ಟೆಂಟಿನ ಹಗ್ಗ ಬಿಗಿದು, ಮೊಳದಷ್ಟು ಆಳಕ್ಕೆ ಹೂಳಿ. ಹಗ್ಗ ಚೀಲದಿಂದ ಓರೆಯಾಗಿ ಮೇಲೆ ಬರುವಂತೆ ಸಣ್ಣ ಸೀಳು ತೋಡಿ, ಮೇಲೆ ಮರಳು ಎಳೆದು ಕಾಲಿನಿಂದ ತುಳಿದು ಗಟ್ಟಿ ಮಾಡಿ. ಬಲವಾಗಿ ಜಗ್ಗಿ ನೋಡಿ: ಅಲ್ಲಾಡಿದರೆ ಇನ್ನೂ ಗೇಣು ಆಳಕ್ಕೆ. ಟೆಂಟಿನ ಬಾಗಿಲು ಗಾಳಿಗೆ ಬೆನ್ನಾಗಿರಲಿ.

ಚಳಿ ಮೇಲಿನಿಂದ ಬರುವಷ್ಟೇ ಕೆಳಗಿನಿಂದಲೂ ಬರುತ್ತದೆ. ದಪ್ಪ ಸ್ಲೀಪಿಂಗ್ ಬ್ಯಾಗ್ ತಂದು ತೆಳು ಚಾಪೆ ಹಾಸಿದರೆ ನಡುರಾತ್ರಿಗೆ ಬೆನ್ನು ಕೊರೆಯುತ್ತದೆ. ಬೂಟುಗಳನ್ನು ಚೀಲದಲ್ಲಿ ಕಟ್ಟಿ ಒಳಗಿಟ್ಟುಕೊಳ್ಳಿ, ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ. ನೇರಳಾತೀತ ಟಾರ್ಚ್ ಬಿಟ್ಟರೆ ಚೇಳು ಹಸಿರು ನೀಲಿಯಾಗಿ ಹೊಳೆಯುತ್ತದೆ, ಹಾಸಿಗೆಯ ಸುತ್ತ ಒಮ್ಮೆ ಹಾಯಿಸಿ ನೋಡಿ. ಸೌದೆ ಆರಿಸಬೇಡಿ, ಆ ಒಣ ಕಡ್ಡಿಯೇ ಅಲ್ಲಿನ ಹುಳ ಹಲ್ಲಿಗಳ ನೆರಳು. ಗ್ಯಾಸ್ ಒಲೆ ಸಾಕು. ಮಲವಿಸರ್ಜನೆಗೆ ನೀರಿನ ಸೆಲೆಯಿಂದಲೂ ಬಿಡಾರದಿಂದಲೂ 60 ಮೀಟರ್ ದೂರ ಹೋಗಿ, 15 ಸೆಂ.ಮೀ. ಆಳದ ಗುಂಡಿ ತೋಡಿ ಮುಚ್ಚಿ. ಕಾಗದ ಅಲ್ಲಿ ಕೊಳೆಯುವುದಿಲ್ಲ, ಮುಚ್ಚಿದ ಚೀಲದಲ್ಲಿ ವಾಪಸ್ ತನ್ನಿ. ಕಿರಿದಾದ ಕಣಿವೆಗಳಲ್ಲಾದರೆ ಮಲವನ್ನೂ ಅದಕ್ಕಾಗಿಯೇ ಸಿಗುವ ಚೀಲದಲ್ಲಿ ಹೊತ್ತು ತರಬೇಕು.

ಬಿಸಿಲು ಹೊಡೆದರೆ, ಗಾಡಿ ಕೆಟ್ಟರೆ

ತಲೆನೋವು, ವಾಕರಿಕೆ, ವಿಪರೀತ ಬೆವರು ಇದ್ದರೆ ನೆರಳಿಗೆ ಕೂರಿಸಿ, ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಚಮಚ ಅಂದರೆ ಟೀ ಚಮಚ, ತಲೆ ತಟ್ಟಿದ ಅಳತೆ. ಮಾತು ತೊದಲಿದರೆ, ಗೊಂದಲವಾದರೆ, ಮೈ ಕೆಂಡವಾದರೆ ಅದು ಹೀಟ್ ಸ್ಟ್ರೋಕ್. ಬಟ್ಟೆ ಸಡಿಲಿಸಿ, ಮೈಗೆ ನೀರು ಸುರಿದು ಗಾಳಿ ಬೀಸುತ್ತ, ತುರ್ತು ಬೀಕನ್ ಒತ್ತಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಮೀಸಲು ನೀರು ಇಂಥ ಹೊತ್ತಿಗೇ ಇರುವುದು.

ಗಾಡಿ ಕೆಟ್ಟು ನಿಂತರೆ ಬಿಟ್ಟು ನಡೆಯಬೇಡಿ. ಹೆಲಿಕಾಪ್ಟರಿನಿಂದ ಗಾಡಿ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಬಾನೆಟ್ ಎತ್ತಿಡಿ, ಗಾಡಿಯ ಪಕ್ಕಕ್ಕೆ ಹಾಸು ಕಟ್ಟಿ ನೆರಳು ಮಾಡಿ, ಕಾದ ನೆಲದ ಮೇಲೆ ನೇರ ಕೂರದೆ ಸೀಟು ಬಿಚ್ಚಿ ಹಾಕಿಕೊಳ್ಳಿ. ಕೆಲಸ ಏನಿದ್ದರೂ ಮುಂಜಾನೆ, ಸಂಜೆ. ಬಾಯಾರಿದಾಗ ಕುಡಿಯಿರಿ. ನೀರು ಉಳಿಸುತ್ತೇವೆಂದು ಕುಡಿಯದೆ ಒಣಗಿ ಬಿದ್ದವರ ಪಕ್ಕ ತುಂಬಿದ ಬಾಟಲಿ ಸಿಕ್ಕ ಉದಾಹರಣೆಗಳಿವೆ. ಕನ್ನಡಿಯಿಂದ ಬಿಸಿಲು ಹಾಯಿಸಿದರೆ ಅದರ ಮಿಂಚು ಬಹಳ ದೂರಕ್ಕೆ ಕಾಣುತ್ತದೆ.

ಮರಳುಗಾಳಿ ಎದ್ದರೆ ಜಾಡಿನಿಂದ ಪಕ್ಕಕ್ಕೆ ಸರಿದು ನಿಲ್ಲಿ, ಎಂಜಿನ್ ಆಫ್, ಹಿಂಬದಿ ಗಾಳಿಯತ್ತ, ಕಿಟಕಿ ಮುಚ್ಚಿ ಕಾಯಿರಿ.

ವಾಪಸ್

ಡಾಂಬರು ಮುಟ್ಟಿದ ಕೂಡಲೇ ಟಯರಿಗೆ ಗಾಳಿ ತುಂಬಿ. ಅಲೆಅಲೆ ದಾರಿಯ ಕುಲುಕಾಟಕ್ಕೆ ಚಕ್ರದ ನಟ್ಟು ಸಡಿಲವಾಗಿರುತ್ತವೆ, ಒಂದೊಂದನ್ನೂ ಬಿಗಿ ಮಾಡಿ. ಗಾಡಿಯಡಿ ಬಗ್ಗಿ ಸೈಲೆನ್ಸರ್ ಪೈಪಿನ ಸುತ್ತ ಸಿಕ್ಕಿಕೊಂಡ ಒಣಹುಲ್ಲು ಕೀಳಿ. ಆಸ್ಟ್ರೇಲಿಯಾದ ಸ್ಪಿನಿಫೆಕ್ಸ್ ಹುಲ್ಲಿನ ಸೀಮೆಯಲ್ಲಿ ಹಾಗೆ ಸೇರಿಕೊಂಡ ಹುಲ್ಲಿಗೆ ಬೆಂಕಿ ಹತ್ತಿ ಗಾಡಿಗಳು ಸುಟ್ಟಿವೆ. ಅಲ್ಲಾದರೆ ದಾರಿಯಲ್ಲೇ ಆಗಾಗ ನಿಂತು ಈ ಕೆಲಸ ಮಾಡಬೇಕು. ಏರ್ ಫಿಲ್ಟರ್ ಬಿಚ್ಚಿ ಕೊಡವಿ. ಇಷ್ಟೂ ಮಾಡುವ ಮುಂಚೆ, ನೆಟ್‌ವರ್ಕ್ ಸಿಕ್ಕ ಮೊದಲ ಜಾಗದಲ್ಲೇ, ಮನೆಯಲ್ಲಿ ಆ ಹಾಳೆ ಹಿಡಿದು ಕೂತವರಿಗೆ ಫೋನ್ ಮಾಡಿ.